ಸಂಚಕಾರ ಕೊಟ್ಟ ಮೇಲೂ ಮುಚ್ಚದ ಬಾಗಿಲು

ಮನೆ ಮಾರಾಟದಲ್ಲಿ ಎರಡು ದಿನಗಳು ಮುಖ್ಯ. ದರ ಕುದುರಿ ಸಂಚಕಾರದ ಹಣ ಕೈಯಿಂದ ಕೈಗೆ ಹೋಗುವ ದಿನ ಒಂದು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ಯಾಮೆರಾ ಮುಂದೆ ಕೂತು, ಹೆಬ್ಬೆಟ್ಟು ಒತ್ತಿ, ಕ್ರಯಪತ್ರ ನೋಂದಣಿ ಮಾಡಿಸುವ ದಿನ ಇನ್ನೊಂದು. ಇವೆರಡರ ನಡುವೆ ಒಂದು ತಿಂಗಳಿರಬಹುದು, ಹನ್ನೊಂದು ತಿಂಗಳಿರಬಹುದು. ಸುರಪುರ ತಾಲ್ಲೂಕಿನ ದೇವಾಪುರದಂಥ ಊರಿನಲ್ಲಿ ಮೊದಲ ದಿನವೇ ಮನೆ ಮಾರಾಟವಾದಂತೆ. ‘ಆ ಮನಿ ಇಸಾರ ಆಗೇದ’ ಎಂಬ ಮಾತು ಕಟ್ಟೆಯ ಮೇಲೆ ಬಿದ್ದರೆ, ಮತ್ತೊಬ್ಬರು ಅದರ ದರ ವಿಚಾರಿಸಲು ಹೋಗುವುದು ಮರ್ಯಾದೆಯಲ್ಲ. ಕಾನೂನು ಹಾಗೆ ನೋಡುವುದಿಲ್ಲ. ಅದರ ಲೆಕ್ಕದಲ್ಲಿ ಎರಡನೆಯ ದಿನದವರೆಗೂ ಮನೆ ಮಾರುವವರದೇ. ಊರಿನ ತಿಳಿವಳಿಕೆಗೂ ಕಾನೂನಿನ ಲೆಕ್ಕಕ್ಕೂ ಇರುವ ಈ ಅಂತರದಲ್ಲಿಯೇ ಎರಡನೆಯ ಗಿರಾಕಿ ಬಂದು ನಿಲ್ಲುತ್ತಾನೆ.

ಒಪ್ಪಿಕೊಂಡ ಮೇಲೂ ಮಾರುವವರು ಮನೆಯನ್ನು ‘ಮಾರಾಟಕ್ಕಿದೆ’ ಎಂದೇ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಜಾಹೀರಾತಿನಿಂದ ಅಲ್ಲ, ಮೌನದಿಂದ. ದಲ್ಲಾಳಿಗೆ ‘ಇನ್ನು ಯಾರನ್ನೂ ಕರಕೊಂಡು ಬರಬ್ಯಾಡ’ ಎಂದು ಹೇಳುವುದಿಲ್ಲ. ಬಂದವರಿಗೆ ಒಳಗೆ ಕರೆದು ಚಹಾ ಕೊಡುತ್ತಾರೆ, ಪಡಸಾಲೆ, ಅಡುಗೆಮನೆ, ಹಿತ್ತಲು ತೋರಿಸುತ್ತಾರೆ. ‘ಒಬ್ಬರು ಕೇಳ್ಯಾರ, ಇನ್ನೂ ಪಕ್ಕಾ ಆಗಿಲ್ಲ’ ಎನ್ನುತ್ತಾರೆ. ಸಂಚಕಾರ ತೆಗೆದುಕೊಂಡ ವಿಷಯ ಆ ‘ಕೇಳ್ಯಾರ’ ಎಂಬ ಪದದಲ್ಲಿ ಅಡಗಿಹೋಗುತ್ತದೆ. ಎರಡನೆಯವರು ಲಕ್ಷ ರೂಪಾಯಿ ಹೆಚ್ಚು ಕೊಡುತ್ತೇನೆಂದಾಗ ಮೊದಲಿನವರ ಕರಾರುಪತ್ರ ಕಪಾಟಿನೊಳಗಿನ ಒಂದು ಹಾಳೆಯಾಗಿ ಉಳಿಯುತ್ತದೆ.

ಆ ಹಾಳೆಯ ಬೆಲೆ ಎಷ್ಟೆಂಬುದು ಈ ಸೀಮೆಗೆ ಹೊಸ ಪ್ರಶ್ನೆಯಲ್ಲ. ಸಂಚಕಾರ ಎಂಬ ಮಾತಿನ ಮೂಲ ಸಂಸ್ಕೃತದ ‘ಸತ್ಯಂಕಾರ’: ಮಾತನ್ನು ಸತ್ಯ ಮಾಡುವುದು, ಅಂದರೆ ಕೊಟ್ಟ ಮಾತಿಗೆ ಕೈಯಲ್ಲೊಂದು ವಸ್ತು ಇಟ್ಟು ಅದನ್ನು ಗಟ್ಟಿ ಮಾಡುವುದು. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರ ಕಾಂಡದಲ್ಲಿ ಸತ್ಯಂಕಾರವಾಗಿ ಪಡೆದ ದ್ರವ್ಯವನ್ನು ಇಮ್ಮಡಿಯಾಗಿ ಹಿಂದಿರುಗಿಸಬೇಕೆಂಬ ವಿಧಿ ಇದೆ. ಅದಕ್ಕೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದವನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ. ಕಲಬುರಗಿ ಜಿಲ್ಲೆಯ ಮರತೂರು ತನ್ನವನೆಂದು ಹೇಳಿಕೊಳ್ಳುವ ಈ ಪಂಡಿತ ಆ ಒಂದು ಸಾಲನ್ನು ಬಿಡಿಸಿ ವಿವರಿಸಿದ ರೀತಿ ಗಮನಕ್ಕೆ ತಕ್ಕದ್ದು. ಕ್ರಯವಿಕ್ರಯದ ಕಟ್ಟುಪಾಡು ಉಳಿಯಲೆಂದು ಒಬ್ಬ ಇನ್ನೊಬ್ಬನ ಕೈಗೆ ಉಂಗುರದಂಥ ವಸ್ತುವನ್ನು ಕೊಡುತ್ತಾನೆ. ಕೊಟ್ಟವನೇ ಮಾತು ತಪ್ಪಿದರೆ ಆ ಉಂಗುರ ಹೋಯಿತು. ಪಡೆದವನು ತಪ್ಪಿದರೆ ಉಂಗುರವನ್ನು ಎರಡರಷ್ಟಾಗಿ ಹಿಂದಿರುಗಿಸಬೇಕು. ರೋಮನ್ನರಲ್ಲಿಯೂ ಇದೇ ಲೆಕ್ಕ ಬೆಳೆದುಬಂತು. ಇಂದಿಗೂ ಜಾರಿಯಲ್ಲಿರುವ ಫ್ರಾನ್ಸಿನ ನಾಗರಿಕ ಸಂಹಿತೆಯ 1590ನೆಯ ವಿಧಿ ಕೂಡ, ಮುಂಗಡ ಕೊಟ್ಟವರು ಹಿಂದೆ ಸರಿದರೆ ಅದನ್ನು ಕಳೆದುಕೊಳ್ಳುತ್ತಾರೆ, ಪಡೆದವರು ಸರಿದರೆ ಇಮ್ಮಡಿ ಕೊಡುತ್ತಾರೆ ಎನ್ನುತ್ತದೆ.

ಕಾಲ ಕಳೆದಂತೆ ಕನ್ನಡದಲ್ಲಿ ಸಂಚಕಾರಕ್ಕೆ ಇನ್ನೊಂದು ಅರ್ಥವೂ ಅಂಟಿತು. ಜೀವಕ್ಕೆ ಸಂಚಕಾರ, ಕೆಲಸಕ್ಕೆ ಸಂಚಕಾರ ಎಂದಾಗ ಅದು ಕುತ್ತು. ನಿಜಾಮನ ಆಡಳಿತದಲ್ಲಿ, ಅಂದರೆ 1948ರ ಸೆಪ್ಟೆಂಬರ್‌ವರೆಗೆ, ಈ ಭಾಗದ ಸರ್ಕಾರಿ ವ್ಯವಹಾರ ಉರ್ದುವಿನಲ್ಲಿ ನಡೆಯುತ್ತಿದ್ದುದರಿಂದ ಮುಂಗಡಕ್ಕೆ ‘ಬಯಾನಾ’, ಕ್ರಯಪತ್ರಕ್ಕೆ ‘ಬೈನಾಮಾ’ ಎಂಬ ಮಾತುಗಳೂ ಬಂದವು. ಪಡುವಣದ ಮರಾಠಿಯಿಂದ ‘ಇಸಾರ’ ಬಂತು. ಹೆಸರು ಬೇರೆಯಾದರೂ ಇಮ್ಮಡಿಯ ಲೆಕ್ಕ ಮಾತ್ರ ಉಳಿಯಿತು. ಇಂದಿನ ಕರಾರುಪತ್ರಗಳಲ್ಲಿ ‘ಮಾರುವವರು ತಪ್ಪಿದಲ್ಲಿ ಮುಂಗಡದ ದುಪ್ಪಟ್ಟು ಕೊಡತಕ್ಕದ್ದು’ ಎಂಬ ವಾಕ್ಯ ಈಗಲೂ ಬರುತ್ತದೆ.

ದುಪ್ಪಟ್ಟು ಎಂದು ಬರೆದ ಮಾತ್ರಕ್ಕೆ ಮಾರುವವರು ಕಟ್ಟುಬೀಳುತ್ತಾರೆಂದು ತಿಳಿಯುವುದು ತಪ್ಪು. ಲೆಕ್ಕ ಹಾಕಿ ನೋಡಬಹುದು. ದೇವಾಪುರದ ಒಂದು ಮನೆಗೆ ಹನ್ನೆರಡು ಲಕ್ಷಕ್ಕೆ ಮಾತಾಗಿ ಒಂದು ಲಕ್ಷ ಸಂಚಕಾರ ಸಂದಿದೆ ಎಂದಿಟ್ಟುಕೊಂಡರೆ, ನಾಲ್ಕು ತಿಂಗಳ ಮೇಲೆ ಇನ್ನೊಬ್ಬರು ಹದಿನಾಲ್ಕು ಲಕ್ಷಕ್ಕೆ ಕೇಳುತ್ತಾರೆ. ಮೊದಲಿನವರಿಗೆ ಎರಡು ಲಕ್ಷ ಕೊಟ್ಟು ಕಳಿಸಿದರೆ ಮಾರುವವರ ಕೈಯಿಂದ ಹೋಗುವುದು ಒಂದೇ ಲಕ್ಷ. ಇನ್ನೊಂದು ಲಕ್ಷ ಅವರು ಪಡೆದದ್ದೇ. ದರದಲ್ಲಿ ಬಂದ ಹೆಚ್ಚಳ ಎರಡು ಲಕ್ಷ. ಮಾತು ತಪ್ಪಿಯೂ ಒಂದು ಲಕ್ಷ ಉಳಿಯಿತು. ಸಂಚಕಾರ ಸಣ್ಣದಾದಷ್ಟೂ, ನಡುವಿನ ಅವಧಿ ಉದ್ದವಾದಷ್ಟೂ ಈ ಪ್ರಲೋಭನೆ ದೊಡ್ಡದು. ಹತ್ತು ಸಾವಿರ ಕೊಟ್ಟು ಒಂದು ವರ್ಷದ ಅವಧಿ ಬರೆಸಿಕೊಂಡವರು ತಮ್ಮ ಮನೆಗೆ ತಾವೇ ಎರಡನೆಯ ಗಿರಾಕಿಯನ್ನು ಕರೆದಂತೆ.

ಇನ್ನು ಕಾನೂನು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೆಯ ಕಲಂ ಎರಡು ಮಾತು ಹೇಳುತ್ತದೆ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ದಸ್ತಾವೇಜಿನಿಂದಲೇ ಆಗಬೇಕು. ಮಾರಾಟದ ಕರಾರು ತಾನಾಗಿಯೇ ಆ ಆಸ್ತಿಯಲ್ಲಿ ಯಾವ ಹಕ್ಕನ್ನೂ, ಯಾವ ಋಣಭಾರವನ್ನೂ ಹುಟ್ಟಿಸುವುದಿಲ್ಲ. ಕರಾರು ಮಾಡಿಕೊಂಡವರಿಗೆ ಸಿಗುವುದು ಮನೆಯ ಮೇಲಿನ ಹಕ್ಕಲ್ಲ, ಮಾರುವ ವ್ಯಕ್ತಿಯ ಮೇಲಿನ ಹಕ್ಕು: ನೀವು ಹೇಳಿದಂತೆ ನಡೆದುಕೊಳ್ಳಿ ಎಂದು ಒತ್ತಾಯಿಸುವ ಹಕ್ಕು. ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡರೆ ಮನೆ ತಮ್ಮದಾಯಿತು ಎಂಬ ನಂಬಿಕೆ ಬಹುಕಾಲ ಇತ್ತು. 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂಥ ಪತ್ರಗಳಿಂದ ಮಾಲೀಕತ್ವ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೊಂದೇ ದಾರಿ ಎಂದು ಸ್ಪಷ್ಟಪಡಿಸಿತು.

ಒತ್ತಾಯಿಸುವ ಹಕ್ಕು ಅಂದರೆ ಸಣ್ಣದೇನಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ನ್ಯಾಯಾಲಯ ಮಾರುವವರಿಗೆ ‘ಕ್ರಯಪತ್ರ ಬರೆದುಕೊಡಿ’ ಎಂದೇ ಆದೇಶಿಸಬಹುದು. ಅವರು ಬರಲೊಪ್ಪದಿದ್ದರೆ ನ್ಯಾಯಾಲಯದ ಅಧಿಕಾರಿಯೇ ಅವರ ಪರವಾಗಿ ಸಹಿ ಹಾಕಿ ನೋಂದಣಿ ಮಾಡಿಸಿಕೊಡುತ್ತಾರೆ. ಹಿಂದೆ ಇಂಥ ಡಿಕ್ರಿ ಕೊಡುವುದೂ ಬಿಡುವುದೂ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಾಗಿತ್ತು. ಹಣ ಹಿಂದಿರುಗಿಸಿದರೆ ಸಾಕೆಂದು ಹೇಳಿ ಮುಗಿಸುವ ಅವಕಾಶವಿತ್ತು. 2018ರ ತಿದ್ದುಪಡಿ ಆ ವಿವೇಚನೆಯನ್ನು ಬಹುಮಟ್ಟಿಗೆ ತೆಗೆದುಹಾಕಿ, 2018ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಕೊಳ್ಳುವವರ ಕೈ ಇದರಿಂದ ಬಲವಾಯಿತು.

ಆದರೆ ಮನೆ ಅಷ್ಟರಲ್ಲಿ ಎರಡನೆಯವರ ಹೆಸರಿಗೆ ನೋಂದಣಿಯಾಗಿಬಿಟ್ಟಿದ್ದರೆ? ಇಲ್ಲಿಯೇ ಇಡೀ ವಿಷಯದ ಗಂಟಿದೆ. ಕಾಯ್ದೆಯ 19ನೆಯ ಕಲಮಿನ ‘ಬಿ’ ಉಪಖಂಡದ ಪ್ರಕಾರ, ನಂತರ ಕೊಂಡವರ ವಿರುದ್ಧವೂ ಮೊದಲಿನ ಕರಾರನ್ನು ಜಾರಿ ಮಾಡಿಸಬಹುದು. ಒಬ್ಬರಿಗೆ ಮಾತ್ರ ವಿನಾಯಿತಿ: ಬೆಲೆ ಕೊಟ್ಟು, ಸದ್ಭಾವನೆಯಿಂದ, ಮೊದಲಿನ ಕರಾರಿನ ಸುಳಿವಿಲ್ಲದೆ ಕೊಂಡವರಿಗೆ. ಆ ಮೂರೂ ಒಟ್ಟಿಗೆ ಇರಬೇಕು. ‘ನನಗೆ ಗೊತ್ತಿರಲಿಲ್ಲ’ ಎಂದು ತೋರಿಸಿಕೊಡುವ ಹೊಣೆ ಎರಡನೆಯವರದೇ ಹೊರತು, ‘ಅವರಿಗೆ ಗೊತ್ತಿತ್ತು’ ಎಂದು ಸಾಬೀತು ಮಾಡುವ ಹೊಣೆ ಮೊದಲಿನವರದಲ್ಲ. ಗೊತ್ತಿರುವುದು ಎಂದರೆ ಯಾರೋ ಬಂದು ಹೇಳಿದ್ದು ಮಾತ್ರವೂ ಅಲ್ಲ. ವಿಚಾರಿಸಬೇಕಾದಲ್ಲಿ ಬೇಕೆಂದೇ ವಿಚಾರಿಸದೆ ಕೂತವರಿಗೂ ಗೊತ್ತಿತ್ತೆಂದೇ ಸ್ವತ್ತು ವರ್ಗಾವಣೆ ಕಾಯ್ದೆಯ 3ನೆಯ ಕಲಂ ಭಾವಿಸುತ್ತದೆ. ಮನೆಯಲ್ಲಿ ಮಾಲೀಕರಲ್ಲದೆ ಬೇರೆ ಯಾರಾದರೂ ವಾಸವಿದ್ದರೆ, ಅವರಿಗೇನು ಹಕ್ಕಿದೆಯೋ ಅದು ಕೊಳ್ಳುವವರಿಗೆ ತಿಳಿದಿತ್ತು ಎಂದೇ ಲೆಕ್ಕ. ಎರಡು ಸಾವಿರ ಜನರ ಊರಿನಲ್ಲಿ ‘ಇಸಾರ ಆಗಿದ್ದು ಕೇಳಿಯೇ ಇರಲಿಲ್ಲ’ ಎಂದು ಅದೇ ಓಣಿಯವರೊಬ್ಬರು ಸಾಕ್ಷಿಕಟ್ಟೆಯಲ್ಲಿ ಹೇಳಿದರೆ ನ್ಯಾಯಾಧೀಶರು ಸುಲಭವಾಗಿ ನಂಬುವುದಿಲ್ಲ. ಬೆಂಗಳೂರಿನಲ್ಲಿರುವ ಅಪರಿಚಿತರೊಬ್ಬರು ಅದನ್ನೇ ಹೇಳಿದರೆ ನಂಬಲು ಅವಕಾಶವಿದೆ.

ಮೊದಲಿನವರು ಗೆದ್ದಾಗ ಡಿಕ್ರಿ ಹೇಗಿರಬೇಕೆಂಬ ತಾಂತ್ರಿಕ ಪ್ರಶ್ನೆಯನ್ನು 1953ರಲ್ಲಿಯೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿವಿಯನ್ ಬೋಸ್ ಬಗೆಹರಿಸಿದರು. ಎರಡನೆಯವರ ಕ್ರಯಪತ್ರವನ್ನು ರದ್ದು ಮಾಡಬೇಕಾಗಿಲ್ಲ. ಮಾರಿದವರು ಕರಾರಿನಂತೆ ಮೊದಲಿನವರಿಗೆ ಕ್ರಯಪತ್ರ ಬರೆದುಕೊಡಬೇಕು, ಎರಡನೆಯವರು ಅದರಲ್ಲಿ ಜೊತೆಗೂಡಿ ತಮ್ಮಲ್ಲಿರುವ ಹಕ್ಕನ್ನು ದಾಟಿಸಬೇಕು. ಇಂದಿಗೂ ಕರ್ನಾಟಕದ ನ್ಯಾಯಾಲಯಗಳ ಡಿಕ್ರಿಗಳು ಈ ಮಾದರಿಯಲ್ಲಿಯೇ ಇರುತ್ತವೆ.

ಹಾಗಾದರೆ ಎರಡನೆಯವರಿಗೆ ಸುಳಿವು ಸಿಗುವಂತೆ ಮಾಡುವುದೇ ಮೊದಲಿನವರ ದೊಡ್ಡ ರಕ್ಷಣೆ. ಅದರ ನೇರ ದಾರಿ ಕರಾರುಪತ್ರವನ್ನೇ ನೋಂದಣಿ ಮಾಡಿಸುವುದು. ಸ್ವಾಧೀನ ಕೊಡದ ಕರಾರನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದಿಲ್ಲ. ಸಂಚಕಾರ ಸಂದಾಯವಾಗಿದೆ ಎಂಬ ಒಂದೇ ಕಾರಣಕ್ಕೆ ಅದು ಕಡ್ಡಾಯವಾಗುವುದಿಲ್ಲವೆಂದು ಆ ಕಾಯ್ದೆಯ 17ನೆಯ ಕಲಮಿನ ವಿವರಣೆಯಲ್ಲಿಯೇ ಇದೆ. ಕಡ್ಡಾಯವಲ್ಲದ್ದನ್ನು ಯಾರು ಮಾಡಿಸುತ್ತಾರೆ? ಹಳ್ಳಿಗಳಲ್ಲಿ ಬಹುಪಾಲು ಕರಾರುಗಳು ಇ-ಸ್ಟಾಂಪ್ ಕಾಗದದ ಮೇಲೆ ಟೈಪಾಗಿ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ, ಕೆಲವೊಮ್ಮೆ ನೋಟರಿಯ ಮುದ್ರೆಯೊಂದಿಗೆ ಮುಗಿಯುತ್ತವೆ. ನೋಟರಿಯ ಕೆಂಪು ಮುದ್ರೆ ಬಿದ್ದರೆ ನೋಂದಣಿಯಾದಂತೆಯೇ ಎಂಬ ಭ್ರಮೆ ವ್ಯಾಪಕವಾಗಿದೆ. ಅದು ಸಹಿ ಯಾರದು, ಯಾವ ದಿನದ್ದು ಎಂಬುದಕ್ಕೆ ಒಂದು ಆಧಾರ ಅಷ್ಟೆ. ಇನ್ನೊಬ್ಬ ಗಿರಾಕಿ ಎಷ್ಟೇ ಹುಡುಕಿದರೂ ಆ ಕಾಗದ ಅವರ ಕಣ್ಣಿಗೆ ಬೀಳುವುದಿಲ್ಲ.

ನೋಂದಾಯಿತ ಕರಾರು ಹಾಗಲ್ಲ. ಅದು ಋಣಭಾರ ಪ್ರಮಾಣಪತ್ರದಲ್ಲಿ, ಜನ ಇ.ಸಿ. ಎನ್ನುವ ಆ ಹಾಳೆಯಲ್ಲಿ, ಒಂದು ಸಾಲಾಗಿ ಕಾಣಿಸಿಕೊಳ್ಳುತ್ತದೆ: ದಸ್ತಾವೇಜಿನ ಸ್ವರೂಪ ‘ಕರಾರು’, ಬರೆದುಕೊಟ್ಟವರು ಇಂಥವರು, ಬರೆಸಿಕೊಂಡವರು ಇಂಥವರು, ಮೊತ್ತ ಇಷ್ಟು, ದಿನಾಂಕ ಇಂಥದ್ದು. ಕಾವೇರಿ ತಂತ್ರಾಂಶ ಬಂದ ಮೇಲೆ ಈ ಹಾಳೆಯನ್ನು ಮನೆಯಲ್ಲಿ ಕೂತೇ ತೆಗೆಸಿಕೊಳ್ಳಬಹುದು. ಬ್ಯಾಂಕಿನಿಂದ ಗೃಹಸಾಲ ಬೇಕಾದವರ ಕಡತದಲ್ಲಿ ಇ.ಸಿ. ಇಲ್ಲದೆ ವಕೀಲರ ಅಭಿಪ್ರಾಯವೇ ಬರುವುದಿಲ್ಲ. ಆ ಒಂದು ಸಾಲು ಕಂಡ ಬ್ಯಾಂಕ್ ಎರಡನೆಯವರಿಗೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತದೆ. ಉಪನೋಂದಣಾಧಿಕಾರಿ ಮಾತ್ರ ‘ಮೊದಲೊಂದು ಕರಾರಿದೆ’ ಎಂದು ಹೇಳಿ ಎರಡನೆಯ ಕ್ರಯಪತ್ರವನ್ನು ತಡೆಯುವವರಲ್ಲ; ಹಕ್ಕು ಯಾರದೆಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ನೋಂದಣಿಯಾದ ಕರಾರು ಮಾರುವವರನ್ನು ಕಟ್ಟಿಹಾಕುವುದಿಲ್ಲ. ಎರಡನೆಯವರಿಂದ ‘ಗೊತ್ತಿರಲಿಲ್ಲ’ ಎಂಬ ಮಾತನ್ನು ಕಸಿದುಕೊಳ್ಳುತ್ತದೆ. ಅದು ಕೆಲಸಕ್ಕೆ ಬರುವುದೂ ಹೀಗೆಯೇ.

ಸ್ವಾಧೀನ ಕೊಟ್ಟು ಬರೆದ ಕರಾರಿನ ಕಥೆ ಬೇರೆ. ಪೂರ್ತಿ ಹಣ ಕೊಡುವ ಮೊದಲೇ ಬೀಗದ ಕೈ ಪಡೆದು ಸಂಸಾರ ಹೂಡುವವರಿದ್ದಾರೆ. ಸ್ವತ್ತು ವರ್ಗಾವಣೆ ಕಾಯ್ದೆಯ 53-ಎ ಕಲಂ ಅವರನ್ನು ಸುಲಭವಾಗಿ ಹೊರಹಾಕದಂತೆ ಕಾಯುತ್ತದೆ, ಆದರೆ 2001ರ ಸೆಪ್ಟೆಂಬರ್ 24ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಆ ರಕ್ಷಣೆ ಬೇಕಾದರೆ ಕರಾರು ನೋಂದಣಿಯಾಗಿರಲೇಬೇಕು. ಕರ್ನಾಟಕದಲ್ಲಿ ಅಂಥ ಕರಾರಿಗೆ ಕ್ರಯಪತ್ರಕ್ಕೆ ತಗಲುವಷ್ಟೇ ಮುದ್ರಾಂಕ ಶುಲ್ಕ. ಅದನ್ನು ಉಳಿಸಲೆಂದು ‘ಸ್ವಾಧೀನ ಕೊಟ್ಟಿಲ್ಲ’ ಎಂದು ಬರೆಸಿ ಮನೆಯೊಳಗೆ ಹೋಗಿ ಕೂತವರು ಮುಂದೆ ನ್ಯಾಯಾಲಯದಲ್ಲಿ ತಮ್ಮ ಪತ್ರದ ಮಾತಿಗೇ ಎದುರಾಗಿ ನಿಲ್ಲಬೇಕಾಗುತ್ತದೆ. ಸರಿಯಾದ ಮುದ್ರಾಂಕವಿಲ್ಲದ ಪತ್ರ ಸಾಕ್ಷ್ಯಕ್ಕೆ ಬಂದಾಗ ಕೊರತೆಯ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಬೀಳುತ್ತದೆ.

ಪತ್ರದೊಳಗಿನ ಒಂದು ವಾಕ್ಯವನ್ನು ಹತ್ತಿರದಿಂದ ನೋಡಬೇಕು. ಮೇಲೆ ಹೇಳಿದ ದುಪ್ಪಟ್ಟಿನ ಮಾತು ಎರಡು ರೀತಿಯಲ್ಲಿ ಬರೆಯಲ್ಪಡುತ್ತದೆ. ‘ಮಾರುವವರು ಕರಾರಿನಂತೆ ನಡೆಯಲು ತಪ್ಪಿದಲ್ಲಿ ಮುಂಗಡದ ದುಪ್ಪಟ್ಟು ಕೊಡತಕ್ಕದ್ದು’ ಎಂಬುದು ಒಂದು. ‘ಮಾರುವವರಿಗೆ ಮನೆ ಮಾರಲು ಮನಸ್ಸಿಲ್ಲದಿದ್ದಲ್ಲಿ ಮುಂಗಡದ ದುಪ್ಪಟ್ಟು ಕೊಟ್ಟು ಕರಾರಿನಿಂದ ಬಿಡುಗಡೆ ಹೊಂದಬಹುದು’ ಎಂಬುದು ಇನ್ನೊಂದು. ಬರೆಸುವವರ ಕಿವಿಗೆ ಎರಡೂ ಒಂದೇ. ನಿರ್ದಿಷ್ಟ ಪರಿಹಾರ ಕಾಯ್ದೆಯ 23ನೆಯ ಕಲಮಿಗೆ ಒಂದಲ್ಲ. ತಪ್ಪಿದರೆ ದಂಡ ಎಂಬ ಮಾತು ಕರಾರನ್ನು ಗಟ್ಟಿ ಮಾಡಲು ಬಂದದ್ದು. ದಂಡ ಬರೆದಿದೆ ಎಂಬ ಕಾರಣಕ್ಕೆ ಕ್ರಯಪತ್ರ ಕೇಳುವ ಹಕ್ಕು ಹೋಗುವುದಿಲ್ಲ. ಆದರೆ ಹಣ ಕೊಡುವುದು ಅಥವಾ ಮನೆ ಕೊಡುವುದು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಮಾರುವವರಿಗೇ ಇದೆ ಎಂದು ಪತ್ರ ಹೇಳಿದರೆ ನ್ಯಾಯಾಲಯ ಕ್ರಯಪತ್ರಕ್ಕೆ ಒತ್ತಾಯಿಸಲಾರದು. ‘ಕೊಡತಕ್ಕದ್ದು’ ಇದ್ದಲ್ಲಿ ‘ಕೊಟ್ಟು ಬಿಡುಗಡೆ ಹೊಂದಬಹುದು’ ಎಂಬ ಮಾತು ಬಂದರೆ ಮನೆಯೇ ಕೈತಪ್ಪಬಹುದು. ಬೇರೊಂದು ವ್ಯವಹಾರದ ಹಳೆಯ ಪತ್ರದಿಂದ ಈ ವಾಕ್ಯವನ್ನು ಹಾಗೆಯೇ ಎತ್ತಿಕೊಳ್ಳುವ ರೂಢಿಯಿಂದ ಇಂಥ ಅನ್ಯಾಯ ಯಾರ ಗಮನಕ್ಕೂ ಬಾರದೆ ನಡೆದುಹೋಗುತ್ತದೆ.

ಎರಡು ದಿನಗಳ ನಡುವೆ ಇಷ್ಟೊಂದು ತಿಂಗಳು ಯಾಕೆ ಹಿಡಿಯುತ್ತದೆಂದು ಕೇಳಿದರೆ ಉತ್ತರ ದುರಾಸೆಯಲ್ಲಿ ಮಾತ್ರ ಸಿಗುವುದಿಲ್ಲ. ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ಮನೆ ಬಹುತೇಕ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿರುತ್ತದೆ. ಅಣ್ಣತಮ್ಮಂದಿರಲ್ಲಿ ಒಬ್ಬರು ಊರಲ್ಲಿ, ಇಬ್ಬರು ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿ ಕಟ್ಟಡ ಕೆಲಸದಲ್ಲಿ. ಅವರು ಜಾತ್ರೆಗೋ ಹಬ್ಬಕ್ಕೋ ಬಂದಾಗಲೇ ಸಹಿ. ಮದುವೆಯಾಗಿ ಹೋದ ಅಕ್ಕತಂಗಿಯರ ಪಾಲಿನ ಪ್ರಶ್ನೆ ಬೇರೆ ಇದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂಬುದು ಕರ್ನಾಟಕದಲ್ಲಿ 1994ರ ಜುಲೈ 30ರಿಂದ, ದೇಶಕ್ಕೆಲ್ಲ 2005ರಿಂದ ಬಂದ ಕಾನೂನು. 2020ರಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ನಿಸ್ಸಂದೇಹವಾಗಿ ಹೇಳಿತು. ಅವರ ಸಹಿ ಇಲ್ಲದ ಕರಾರು ಅವರ ಪಾಲನ್ನು ಕಟ್ಟುವುದಿಲ್ಲ. ಸಂಚಕಾರವನ್ನು ಹಿರಿಯ ಅಣ್ಣ ಒಬ್ಬನೇ ತೆಗೆದುಕೊಂಡು, ನೋಂದಣಿಯ ಹೊತ್ತಿಗೆ ತಂಗಿ ‘ನನ್ನನ್ನ ಯಾರೂ ಕೇಳಿಲ್ಲ’ ಎಂದಾಗ ಅವಳ ಮಾತಿನಲ್ಲಿ ತಪ್ಪಿಲ್ಲ. ತಪ್ಪು ಅವಳನ್ನು ಬಿಟ್ಟು ಪತ್ರ ಬರೆಸಿದವರದು.

ಕಾಗದಗಳದೂ ಒಂದು ಪಾಡು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆ ನೋಂದಣಿಯಾಗಬೇಕಾದರೆ ಇ-ಸ್ವತ್ತು ತಂತ್ರಾಂಶದಿಂದ ಬಂದ ನಮೂನೆ 9 ಮತ್ತು 11 ಬೇಕು. ಅಳತೆ ಆಗಬೇಕು, ಚೆಕ್ಕುಬಂದಿ ಹೊಂದಬೇಕು, ಸತ್ತವರ ಹೆಸರು ಹೋಗಿ ವಾರಸುದಾರರ ಹೆಸರು ಏರಬೇಕು. ಕೊಳ್ಳುವವರ ಕಡೆಯಿಂದ ನೋಡಿದರೆ ಹಣ ಬರುವುದು ಬೆಳೆಯಿಂದ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಸುರಪುರ, ಶಹಾಪುರದ ಕಡೆ ಭತ್ತ. ನೀರಿಲ್ಲದ ಕಡೆ ಹತ್ತಿ, ತೊಗರಿ. ಹತ್ತಿ ಮಾರಿದ ಮೇಲೆ ಅರ್ಧ, ಯುಗಾದಿಗೆ ಉಳಿದದ್ದು ಎಂಬ ಒಪ್ಪಂದಗಳು ಇದರಿಂದಲೇ ಹುಟ್ಟುತ್ತವೆ. ಕಾಲುವೆಗೆ ನೀರು ಬಿಡುವುದು ತಡವಾದ ವರ್ಷ ಮನೆಯ ಕಂತೂ ತಡ. ಇಬ್ಬರೂ ಸತ್ಯವಂತರಾಗಿದ್ದರೂ ಆರು ತಿಂಗಳು ಹಿಡಿಯುವ ವ್ಯವಹಾರ ಇದು. ಅಷ್ಟು ದಿನ ಬಾಗಿಲು ತೆರೆದಿದ್ದರೆ ಯಾರಾದರೊಬ್ಬರು ಒಳಗೆ ಇಣುಕಿಯೇ ಇಣುಕುತ್ತಾರೆ.

ಮಾರುವವರ ಸಂಕಟವನ್ನೂ ನ್ಯಾಯವಾಗಿ ಹೇಳಬೇಕು. ಸಣ್ಣ ಸಂಚಕಾರ ಕೊಟ್ಟು ದೊಡ್ಡ ಅವಧಿ ಪಡೆದು, ತಮ್ಮ ಹಣ ಹಾಕದೆಯೇ ಆ ಕರಾರಿನ ಮೇಲೆ ಇನ್ನೊಬ್ಬರಿಗೆ ಹೆಚ್ಚಿನ ದರಕ್ಕೆ ಮಾರುವ ದಂಧೆ ಇದೆ. ‘ಅಗ್ರಿಮೆಂಟ್ ಮೇಲೆ ಮಾರೋದು’ ಎಂದೇ ಅದಕ್ಕೆ ಹೆಸರು. ಅಲ್ಲಿ ಮನೆಯನ್ನು ಮಾರುಕಟ್ಟೆಯಲ್ಲಿ ತಿರುಗಿಸುತ್ತಿರುವುದು ಮಾಲೀಕರಲ್ಲ, ಕರಾರು ಹಿಡಿದವರೇ. ಅವಧಿ ಮುಗಿದು ವರ್ಷ ಕಳೆದರೂ ಬಾರದ ಗಿರಾಕಿಗಾಗಿ ಮಗಳ ಮದುವೆಯನ್ನೋ ಆಸ್ಪತ್ರೆಯ ಖರ್ಚನ್ನೋ ಮುಂದೂಡಿ ಕೂರಲು ಯಾರಿಗೂ ಆಗದು. ಕರಾರು ನೋಂದಣಿಯಾಗಿದ್ದರಂತೂ ಇ.ಸಿ.ಯಲ್ಲಿ ಆ ಸಾಲು ಹಾಗೆಯೇ ಉಳಿದು, ಹೊಸ ಗಿರಾಕಿಗಳು ಹಿಂದೆ ಸರಿಯುತ್ತಾರೆ. ಇಬ್ಬರೂ ಬಂದು ರದ್ದುಪತ್ರ ನೋಂದಣಿ ಮಾಡಿಸುವವರೆಗೆ ಅದರ ನೆರಳು ತಪ್ಪದು.

ಅವಧಿ ಮುಗಿದ ಮರುದಿನವೇ ಕರಾರು ಸತ್ತಿತೆಂದು ಕಾನೂನು ಹೇಳುವುದಿಲ್ಲ. ಸ್ಥಿರಾಸ್ತಿಯ ಕರಾರಿನಲ್ಲಿ ಕಾಲವೇ ಜೀವಾಳ ಎಂದು ಸಾಮಾನ್ಯವಾಗಿ ಭಾವಿಸಬಾರದೆಂದು 1992ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಪತ್ರದ ಮಾತು ಮತ್ತು ಸಂದರ್ಭದಿಂದ ಹಾಗೆ ತಿಳಿದುಬಂದರೆ ಬೇರೆ. ಆಸ್ತಿಯ ಬೆಲೆ ಏರುತ್ತಲೇ ಇರುವ ಕಾಲದಲ್ಲಿ ಈ ಉದಾರತೆ ಮಾರುವವರಿಗೆ ಅನ್ಯಾಯವಾಗುತ್ತದೆಂಬ ಮಾತನ್ನು 1997ರ ಮತ್ತು 2011ರ ತೀರ್ಪುಗಳಲ್ಲಿ ಅದೇ ನ್ಯಾಯಾಲಯ ಒಪ್ಪಿಕೊಂಡಿತು. ಬರೆದ ಅವಧಿಗೆ ಅರ್ಥವಿದೆ, ಅದನ್ನು ಕಡೆಗಣಿಸುವಂತಿಲ್ಲ ಎಂದಿತು. ಆದ್ದರಿಂದ ನ್ಯಾಯವಾಗಿ ಹೊರಬರಬೇಕೆನ್ನುವ ಮಾರುವವರಿಗೆ ದಾರಿ ಒಂದೇ: ಇಂತಿಷ್ಟು ದಿನದೊಳಗೆ ಉಳಿದ ಹಣ ತಂದು ನೋಂದಣಿ ಮಾಡಿಸಿಕೊಳ್ಳಿ, ಇಲ್ಲವಾದರೆ ಕರಾರು ಮುಗಿಯಿತು ಎಂದು ಅಂಚೆಯಲ್ಲಿ ಲಿಖಿತ ನೋಟಿಸು ಕೊಡುವುದು, ಆ ದಿನಗಳು ಕಳೆಯುವವರೆಗೆ ಎರಡನೆಯವರಿಂದ ಒಂದು ರೂಪಾಯಿಯನ್ನೂ ಮುಟ್ಟದಿರುವುದು. ಸಂಚಕಾರವನ್ನು ಮುಟ್ಟುಗೋಲು ಹಾಕಿಕೊಳ್ಳುವ ಹಕ್ಕು ಕೂಡ ಅದು ನಿಜವಾಗಿ ಸಂಚಕಾರವಾಗಿದ್ದರೆ ಮಾತ್ರ. ಬೆಲೆಯ ಭಾಗವಾಗಿ ಕೊಟ್ಟ ದೊಡ್ಡ ಕಂತನ್ನೆಲ್ಲ ನುಂಗಿಹಾಕಲು 1872ರ ಕರಾರು ಕಾಯ್ದೆಯ 74ನೆಯ ಕಲಂ ಬಿಡುವುದಿಲ್ಲ. ಅದು ಒಪ್ಪುವುದು ತಕ್ಕಮಟ್ಟಿನ ಪರಿಹಾರವನ್ನಷ್ಟೆ.

ಬೇರೆ ದೇಶಗಳು ಈ ನಡುಗಾಲವನ್ನು ಬೇರೆ ಬೇರೆ ರೀತಿಯಲ್ಲಿ ಕಟ್ಟಿಕೊಂಡಿವೆ. ಇಂಗ್ಲೆಂಡಿನಲ್ಲಿ ದರ ಒಪ್ಪಿದರೂ, ಲಿಖಿತ ಕರಾರುಗಳು ವಿನಿಮಯವಾಗುವವರೆಗೆ ಇಬ್ಬರೂ ಮುಕ್ತರು. ಅಲ್ಲಿ ಕೊನೆಯ ಗಳಿಗೆಯಲ್ಲಿ ಹೆಚ್ಚಿನ ದರದವರು ಬಂದು ಮನೆ ಎತ್ತಿಕೊಂಡು ಹೋಗುವುದು ಎಷ್ಟು ಸಾಮಾನ್ಯವೆಂದರೆ ಅದಕ್ಕೆ ‘ಗ್ಯಾಜಂಪಿಂಗ್’ ಎಂಬ ಪದವೇ ಇದೆ. ಪಕ್ಕದ ಸ್ಕಾಟ್ಲೆಂಡಿನಲ್ಲಿ ವಕೀಲರ ನಡುವಿನ ಪತ್ರಗಳಿಂದಲೇ ಬಂಧನ ಬೇಗ ಹುಟ್ಟುವುದರಿಂದ ಆ ಕಾಟ ಕಡಿಮೆ. ಫ್ರಾನ್ಸಿನಲ್ಲಿ ಪ್ರಾಥಮಿಕ ಕರಾರಿನ ನಂತರ ಕೊಳ್ಳುವವರಿಗೆ ಹತ್ತು ದಿನ ಮರುಯೋಚನೆಯ ಅವಕಾಶ, ಮಾರುವವರಿಗೆ ಅದಿಲ್ಲ. ಅಮೆರಿಕದಲ್ಲಿ ಮಾರುವವರು ಒಂದು ಒಪ್ಪಂದದ ಜೊತೆಗೇ ಎರಡನೆಯದನ್ನು ‘ಬ್ಯಾಕಪ್’ ಎಂದು ಬಹಿರಂಗವಾಗಿಯೇ ಇಟ್ಟುಕೊಳ್ಳಬಹುದು: ಮೊದಲಿನವರ ಸಾಲ ಮಂಜೂರಾಗದಿದ್ದರೆ ಎರಡನೆಯವರ ಸರದಿ. ಅಲ್ಲಿ ಮೂವರಿಗೂ ತಾವು ಎಲ್ಲಿ ನಿಂತಿದ್ದೇವೆಂದು ಗೊತ್ತಿರುತ್ತದೆ. ಎರಡನೆಯ ಗಿರಾಕಿ ಇರುವುದು ತಾನಾಗಿ ಅನ್ಯಾಯವಲ್ಲ. ಅದನ್ನು ಮೊದಲಿನವರಿಂದಲೂ, ಮೊದಲಿನವರನ್ನು ಎರಡನೆಯವರಿಂದಲೂ ಮುಚ್ಚಿಡುವುದು ಅನ್ಯಾಯ.

ನಮ್ಮಲ್ಲಿ ಹೊಸ ಫ್ಲ್ಯಾಟುಗಳ ಮಟ್ಟಿಗೆ 2016ರ ರೇರಾ ಕಾಯ್ದೆ ಈ ಬಾಗಿಲನ್ನು ಅರ್ಧ ಮುಚ್ಚಿದೆ. ಅದರ 13ನೆಯ ಕಲಮಿನಂತೆ ನಿರ್ಮಾಣದಾರರು ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುವವರಿಗಿರುವ ಈ ರಕ್ಷಣೆ ದೇವಾಪುರದಲ್ಲಿ ನೆರೆಯವರ ಹಳೆಯ ಮನೆ ಕೊಳ್ಳುವವರಿಗೆ ಇಲ್ಲ. ಸ್ವಾಧೀನವಿಲ್ಲದ ಕರಾರನ್ನೂ ಸಣ್ಣ ಶುಲ್ಕದಲ್ಲಿ ಕಡ್ಡಾಯವಾಗಿ ನೋಂದಾಯಿಸುವ ನಿಯಮ ಕರ್ನಾಟಕಕ್ಕೆ ಬೇಕು. ತಮಿಳುನಾಡು 2012ರಲ್ಲಿಯೇ ಮಾರಾಟದ ಕರಾರುಗಳ ನೋಂದಣಿಯನ್ನು ಕಡ್ಡಾಯ ಮಾಡಿಕೊಂಡಿದೆ.

ಮಾತು ಮುರಿದೇಬಿಟ್ಟಿತು ಎಂದು ತಿಳಿದ ದಿನದಿಂದ ಮೊದಲಿನವರಿಗೆ ಸಮಯವೇ ಮುಖ್ಯ. ಎರಡನೆಯವರ ಹೆಸರಿಗೆ ನೋಂದಣಿಯಾಗುವ ಮೊದಲು ಸುದ್ದಿ ಸಿಕ್ಕರೆ ಮಾರುವವರಿಗೂ ಎರಡನೆಯವರಿಗೂ ಒಟ್ಟಿಗೆ ಲಿಖಿತ ನೋಟಿಸು ಹೋಗಬೇಕು. ಅಂಚೆಯ ಸ್ವೀಕೃತಿ ಚೀಟಿಯೇ ಮುಂದೆ ‘ಸುಳಿವಿತ್ತು’ ಎಂಬುದಕ್ಕೆ ಸಾಕ್ಷಿ. ಪತ್ರಿಕೆಯಲ್ಲಿ ವಕೀಲರ ಮೂಲಕ ಸಾರ್ವಜನಿಕ ಪ್ರಕಟಣೆ ಕೊಡಿಸುವುದೂ ರೂಢಿಯಲ್ಲಿದೆ. ನಂತರ ಸಿವಿಲ್ ನ್ಯಾಯಾಲಯದಲ್ಲಿ ಕರಾರಿನ ನಿರ್ದಿಷ್ಟ ಪಾಲನೆಗೆ ದಾವೆ, ಜೊತೆಗೆ ಪರಭಾರೆ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆಗೆ ಅರ್ಜಿ. ದಾವೆ ಹೂಡಿದ ಮೇಲೆ ನಡೆದ ಯಾವ ಮಾರಾಟವೂ, ಸ್ವತ್ತು ವರ್ಗಾವಣೆ ಕಾಯ್ದೆಯ 52ನೆಯ ಕಲಮಿನಂತೆ, ಆ ದಾವೆಯ ಫಲಿತಾಂಶಕ್ಕೆ ಬದ್ಧ. ಆಗ ‘ಗೊತ್ತಿರಲಿಲ್ಲ’ ಎಂಬ ಮಾತೂ ನಡೆಯದು. ದಾವೆಗೆ ಗಡುವು ಮೂರು ವರ್ಷ. ಪತ್ರದಲ್ಲಿ ಬರೆದ ದಿನಾಂಕದಿಂದ, ದಿನಾಂಕವೇ ಇಲ್ಲದಿದ್ದರೆ ಕೊಡುವುದಿಲ್ಲ ಎಂದು ತಿಳಿದ ದಿನದಿಂದ.

ದಾವೆ ಹೂಡಿದವರು ಮೊದಲಿನಿಂದ ಕೊನೆಯವರೆಗೆ ತಾವು ಹಣದೊಂದಿಗೆ ಸಿದ್ಧರಿದ್ದೆವು, ಮನಸ್ಸಿನಿಂದಲೂ ಸಿದ್ಧರಿದ್ದೆವು ಎಂದು ತೋರಿಸಬೇಕು. ಎಷ್ಟೋ ದಾವೆಗಳು ಬೀಳುವುದು ಇಲ್ಲಿಯೇ. ಬ್ಯಾಂಕಿನ ಪಾಸ್‌ಬುಕ್, ಮಂಜೂರಾದ ಸಾಲದ ಪತ್ರ, ಬೆಳೆ ಮಾರಿದ ಎಪಿಎಂಸಿ ರಸೀದಿ, ‘ಇಂಥ ದಿನ ಕಚೇರಿಗೆ ಬಂದು ಕಾದಿದ್ದೇನೆ’ ಎಂಬ ನೋಟಿಸು, ಇವೆಲ್ಲ ಸಾಕ್ಷಿಯಾಗುತ್ತವೆ. ಹಣ ಮನೆಯಲ್ಲಿಯೇ ನಗದಾಗಿತ್ತು ಎಂಬ ಮಾತಿಗೆ ತೂಕ ಕಡಿಮೆ. ಮನೆ ಸಿಗದಿದ್ದರೆ ಕೊಟ್ಟ ಹಣವಾದರೂ ಬಡ್ಡಿ ಸಮೇತ ಬರಲಿ ಎಂಬ ಬೇಡಿಕೆಯನ್ನು ದಾವೆಯಲ್ಲಿ ಪ್ರತ್ಯೇಕವಾಗಿ ಬರೆದಿರಲೇಬೇಕು. ನಿರ್ದಿಷ್ಟ ಪರಿಹಾರ ಕಾಯ್ದೆಯ 22ನೆಯ ಕಲಮಿನ ಪ್ರಕಾರ ಕೇಳದೆ ನ್ಯಾಯಾಲಯ ಅದನ್ನು ಕೊಡುವಂತಿಲ್ಲ. ಪೊಲೀಸ್ ದೂರಿನ ಬಗ್ಗೆ ದೊಡ್ಡ ಆಸೆ ಇಟ್ಟುಕೊಳ್ಳುವುದು ಬೇಡ. ಮೊದಲ ದಿನವೇ ವಂಚಿಸುವ ಉದ್ದೇಶವಿತ್ತೆಂದು ತೋರದಿದ್ದರೆ ಮಾತು ತಪ್ಪುವುದು ಸಿವಿಲ್ ತಕರಾರೇ ಹೊರತು ವಂಚನೆಯ ಅಪರಾಧವಲ್ಲವೆಂದು ಉನ್ನತ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಒಂದೇ ಮನೆಗೆ ಮೂವರಿಂದ ಸಂಚಕಾರ ಪಡೆದು ಯಾರಿಗೂ ಕೊಡದವರ ವಿಷಯ ಬೇರೆ. ಅಲ್ಲಿ ಉದ್ದೇಶ ಕಾಣುತ್ತದೆ.

ಸುರಪುರದಲ್ಲಿ ಆರಂಭವಾದ ದಾವೆ ಮೇಲ್ಮನವಿಗಳ ಹಾದಿಯಲ್ಲಿ ಕಲಬುರಗಿಯ ಹೈಕೋರ್ಟ್ ಪೀಠದವರೆಗೆ ಹೋಗಬಹುದು. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಆ ಪೀಠ ಬರುವ ಮೊದಲು ಈ ಭಾಗದ ಕಕ್ಷಿದಾರರು ಬೆಂಗಳೂರಿಗೆ ಓಡಾಡಬೇಕಿತ್ತು. ಈಗ ದೂರ ಕಡಿಮೆಯಾಗಿದೆ, ವರ್ಷಗಳು ಕಡಿಮೆಯಾಗಿಲ್ಲ. ಅಷ್ಟೂ ವರ್ಷ ಮನೆ ಎರಡನೆಯವರ ವಶದಲ್ಲಿರುತ್ತದೆ. ಅವರು ಗೋಡೆ ಒಡೆದು ಹೊಸ ಕೋಣೆ ಕಟ್ಟಿಸಿರುತ್ತಾರೆ, ಮಕ್ಕಳು ಅಲ್ಲಿಂದಲೇ ಶಾಲೆಗೆ ಹೋಗುತ್ತಿರುತ್ತಾರೆ. ಡಿಕ್ರಿ ಮೊದಲಿನವರ ಪರ ಬಂದ ದಿನ ಎರಡನೆಯವರು ಮನೆ ಬಿಟ್ಟುಕೊಟ್ಟು, ತಾವು ಕೊಟ್ಟ ಹದಿನಾಲ್ಕು ಲಕ್ಷ ಕೇಳಲು ಮಾರಿದವರ ಹೊಸ ವಿಳಾಸ ಹುಡುಕಬೇಕಾಗುತ್ತದೆ.